ಚಿತ್ತು ಕಾಟಿಲ್ಲದ ಪುಸ್ತಕ

ಸಂಕ್ರಾಂತಿ ಮುಗಿದರೆ ಆಪ್ತಸಲಹೆಗೆಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಹತ್ತನೇ ತರಗತಿಯ ಮಕ್ಕಳು. ಶಿರಸಿ ಪೇಟೆಯವರು, ಸುತ್ತಲಿನ ಹಳ್ಳಿಯವರು, ದೇವಿಮನೆ ಘಟ್ಟ ಹತ್ತಿ ಕುಮಟಾ ಕಡೆಯಿಂದ ಬರುವವರೂ ಇದ್ದಾರೆ. ಅಪ್ಪ ಅಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳುವ ಮಾತು ಒಂದೇ. "ಎಲ್ಲಾ ಓದ್ತಾರೆ ಮೇಡಂ, ಫಿಸಿಕ್ಸ್ ಒಂದೇ ಕೈ ಕೊಡ್ತದೆ."

ಇಂಥ ಎಷ್ಟೋ ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು. ಎರಡನೆಯದಕ್ಕೆ ಬೈಸಿಕೊಂಡೆ.

ಹೆಸರು ಹೇಳುವುದಿಲ್ಲ. ಊರು, ಮನೆಯ ವಿವರ ಅಲ್ಲಲ್ಲಿ ಬದಲಿಸಿದ್ದೇನೆ. ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ಹುಡುಗಿಗೆ ಕೂಸು ಅನ್ನುತ್ತಾರೆ, ಹದಿನೈದು ವರ್ಷದವಳಿಗೂ. ನಾನೂ ಹಾಗೇ ಕರೆಯುತ್ತೇನೆ. ಬಯಲುಸೀಮೆಯವರು ಓದಿ ತೊಟ್ಟಿಲ ಮಗು ಅಂದುಕೊಳ್ಳಬೇಡಿ.

ತೋಟದ ಮನೆ. ಅಣ್ಣ ಬೆಂಗಳೂರಿನಲ್ಲಿ ಎಂಜಿನಿಯರ್. ಕೂಸು ಓದುವುದು ಕನ್ನಡ ಮಾಧ್ಯಮದಲ್ಲಿ. ಉಳಿದ ವಿಷಯಗಳಲ್ಲಿ ಅಂಕ ಚೆನ್ನಾಗಿಯೇ ಬರುತ್ತಿತ್ತು. ವಿಜ್ಞಾನದಲ್ಲೂ ರಸಾಯನಶಾಸ್ತ್ರ, ಜೀವಶಾಸ್ತ್ರದ ತಕರಾರಿರಲಿಲ್ಲ. ಭೌತಶಾಸ್ತ್ರದ ಲೆಕ್ಕ ಬಂದ ಕಡೆ ಮಾತ್ರ ಉತ್ತರ ಪತ್ರಿಕೆ ಖಾಲಿ. ಅಮ್ಮ ಹೇಳಿದ್ದು ಇಷ್ಟು: "ಕೂಸು ದಿನಾ ಓದ್ತು. ಮಾರ್ಕ್ಸ್ ಮಾತ್ರ ಬತ್ತಿಲ್ಲೆ." ಅಡಿಕೆ ಸುಲಿಯುವ ದಿನಗಳವು. ಮನೆ ತುಂಬ ಆಳು, ಅಂಗಳದ ತುಂಬ ಅಡಿಕೆ. ಅದರ ನಡುವೆಯೂ ಮಗಳಿಗೆ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಒಂದು ಕೆಲಸ ಹೇಳುತ್ತಿರಲಿಲ್ಲ.

'ಖಾಲಿ' ಅನ್ನುವ ಮಾತನ್ನು ನಾನು ಅಂದು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಪರೀಕ್ಷೆಯ ಭಯ ಅಂದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ದಿನಕ್ಕೊಂದು ವೇಳಾಪಟ್ಟಿ ಮಾಡಿಕೊ ಅಂದೆ. ಯಾರು ಬಂದರೂ ಹೇಳುವುದು ಅದನ್ನೇ ಅಲ್ವಾ?

ಮೂರು ವಾರ ಬಿಟ್ಟು ಕೂಸು ಬಂದಳು, ವೇಳಾಪಟ್ಟಿ ಹಿಡಿದುಕೊಂಡು. ಸ್ಕೇಲ್ ಇಟ್ಟು ಗೆರೆ ಹಾಕಿದ್ದಳು. ವಿಷಯಕ್ಕೊಂದು ಬಣ್ಣ. ಭೌತಶಾಸ್ತ್ರಕ್ಕೆ ಕೆಂಪು. ಮಾಡಿ ಮುಗಿಸಿದ್ದಕ್ಕೆಲ್ಲ ಪುಟ್ಟ ಟಿಕ್ ಮಾರ್ಕು. ಗೋಡೆಗೆ ಹಾಕುವಷ್ಟು ಚಂದ ಇತ್ತು. ಆದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮತ್ತೆ ಮೂರು ಲೆಕ್ಕ ಖಾಲಿ ಬಿಟ್ಟಿದ್ದಳು.

ಆಗ ನನಗೆ ಅನುಮಾನ ಬಂತು. "ನಿನ್ನ ಫಿಸಿಕ್ಸ್ ಪುಸ್ತಕ ತೋರಿಸು" ಅಂದೆ.

ಅವಳ ನೋಟ್ ಪುಸ್ತಕವನ್ನು ಯಾವ ಶಾಲೆಯಲ್ಲಾದರೂ ಪ್ರದರ್ಶನಕ್ಕೆ ಇಡಬಹುದು. ಬೆಳಕು, ಕಣ್ಣು, ವಿದ್ಯುಚ್ಛಕ್ತಿ, ಕಾಂತೀಯ ಪರಿಣಾಮ, ಎಲ್ಲ ಅಧ್ಯಾಯವೂ ಇತ್ತು. ಸೂತ್ರಗಳಿಗೆ ಚೌಕಟ್ಟು. ನೂರಕ್ಕೂ ಜಾಸ್ತಿ ಬಿಡಿಸಿದ ಲೆಕ್ಕಗಳು. ಪುಟ ತಿರುಗಿಸುತ್ತಾ ಹೋದೆ. ಎಲ್ಲೂ ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಹತ್ತನೇ ತರಗತಿಯ ಹುಡುಗಿ ನೂರು ಲೆಕ್ಕ ಮಾಡಿ ಒಂದರಲ್ಲೂ ತಪ್ಪಿಲ್ಲ ಅಂದರೆ, ಅವಳು ಒಂದೂ ಲೆಕ್ಕ ಮಾಡಿಲ್ಲ ಅಂತಲೇ ಅರ್ಥ. ಗೈಡಿನಿಂದ, ಬೋರ್ಡಿನಿಂದ, ಮೊಬೈಲಿನಿಂದ ನಕಲು ಮಾಡಿದ್ದಳು. ಪ್ರತಿದಿನ, ಶ್ರದ್ಧೆಯಿಂದ. ಅವಳ ದೃಷ್ಟಿಯಲ್ಲಿ ಅದೇ ಓದು.

ಮೇಜಿನ ಮೇಲೆ ಯಾರದೋ ಉಪನಯನದ ಕರೆಯೋಲೆ ಬಿದ್ದಿತ್ತು. ಅದರ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದುಕೊಟ್ಟೆ. ನಿಮ್ನ ದರ್ಪಣ, ಅಂದರೆ ಒಳಬಾಗಿದ ಕನ್ನಡಿ. ಅದು ಬೆಳಕನ್ನು ಕೂಡಿಸುವ ಸಂಗಮ ದೂರ 15 ಸೆಂಟಿಮೀಟರ್. ವಸ್ತು ಇರುವುದು ದರ್ಪಣದಿಂದ 20 ಸೆಂಟಿಮೀಟರ್ ದೂರದಲ್ಲಿ. ಪ್ರತಿಬಿಂಬ ಎಲ್ಲಿ ಬೀಳುತ್ತದೆ? ಇಂಥದ್ದೇ ಲೆಕ್ಕ ಬೇರೆ ಸಂಖ್ಯೆಗಳಲ್ಲಿ ಅವಳ ಪುಸ್ತಕದಲ್ಲೇ ನಾಲ್ಕು ಕಡೆ ಇತ್ತು.

ಪೆನ್ಸಿಲ್ ಕೇಳಿದಳು. ಪೆನ್ನು ಕೊಟ್ಟೆ. ನಾನು ಎದುರಿಗೆ ಕೂತಿರುವಷ್ಟು ಹೊತ್ತು ಒಂದಕ್ಷರ ಬರೆಯಲಿಲ್ಲ. ಕಡೆಗೆ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಬಂದು ನೋಡಿದರೆ ಬರೆದಿದ್ದಳು, ಆದರೆ ಎಡಗೈ ಅಡ್ಡ ಇಟ್ಟುಕೊಂಡಿದ್ದಳು.

"ತಪ್ಪಾಗಿದೆ ಮೇಡಂ."

"ಹೇಗೆ ಗೊತ್ತಾಯ್ತು?"

"ಉತ್ತರ ಪಾಯಿಂಟಲ್ಲಿ ಬಂತು."

ನಗು ತಡೆದುಕೊಂಡೆ. ಪಠ್ಯದ ಲೆಕ್ಕಗಳಿಗೆ ಪೂರ್ಣ ಸಂಖ್ಯೆ ಬರುವುದು ಜಾಸ್ತಿ, ಅದು ನಿಜ. ಮಕ್ಕಳಿಗೆ ಇಂಥ ಗುಟ್ಟುಗಳೆಲ್ಲ ಚೆನ್ನಾಗಿ ಗೊತ್ತಿರುತ್ತವೆ. ಕೈ ತೆಗೆಸಿ ನೋಡಿದೆ. ಉತ್ತರ ಮೈನಸ್ 8.57. ಈ ಲೆಕ್ಕದಲ್ಲಿ ದರ್ಪಣದ ಮುಂದಿನ ದೂರಗಳಿಗೆಲ್ಲ ಮೈನಸ್ ಹಾಕಬೇಕು. ಸಂಗಮ ದೂರಕ್ಕೆ ಹಾಕಿದ್ದಳು, ವಸ್ತು ದೂರಕ್ಕೆ ಹಾಕಲು ಮರೆತಿದ್ದಳು. ಹತ್ತನೇ ತರಗತಿಯಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿರಲಾರದು. ಅದನ್ನು ನಾನು ಹೇಳಲಿಲ್ಲ. "ಪಕ್ಕದಲ್ಲಿ ಇದರ ಚಿತ್ರ ಬಿಡಿಸು" ಅಂದೆ.

ಚಿತ್ರ ಅವಳಿಗೆ ಕಂಠಪಾಠ. ವಸ್ತು ಎಲ್ಲೆಲ್ಲಿಟ್ಟರೆ ಪ್ರತಿಬಿಂಬ ಎಲ್ಲೆಲ್ಲಿ ಅಂತ ಕೋಷ್ಟಕವನ್ನೇ ಬಾಯಿಪಾಠ ಮಾಡಿದ್ದಳು. ಸಂಗಮ ಬಿಂದು ಗುರುತು ಮಾಡಿ 15 ಅಂತ ಬರೆದಳು. ಅದರ ಎರಡರಷ್ಟು ದೂರದ ವಕ್ರತಾ ಕೇಂದ್ರಕ್ಕೆ 30. ಎರಡರ ನಡುವೆ 20ರಲ್ಲಿ ವಸ್ತು ನಿಲ್ಲಿಸಿದಳು. ಕಿರಣಗಳನ್ನು ಎಳೆದಳು. ಅವು ವಕ್ರತಾ ಕೇಂದ್ರದ ಆಚೆ ಹೋಗಿ ಕೂಡಿದವು. ಪೆನ್ನು ಅಲ್ಲೇ ನಿಂತಿತು. ಒಮ್ಮೆ ಚಿತ್ರ ನೋಡಿದಳು, ಒಮ್ಮೆ 8.57 ನೋಡಿದಳು.

"ಮೂವತ್ತರ ಆಚೆ ಬರ್ಬೇಕಿತ್ತು" ಅಂದಳು. ನನಗಲ್ಲ, ತನಗೇ ಹೇಳಿಕೊಂಡಂತೆ.

ಆಮೇಲೆ ನಾನು ಬಾಯಿ ಬಿಡುವ ಕೆಲಸವೇ ಬೀಳಲಿಲ್ಲ. ಕೆಳಗೆ ಇನ್ನೊಮ್ಮೆ ಮಾಡಿದಳು. ಮೈನಸ್ 60 ಬಂತು. ಮೂರು ಪಟ್ಟು ದೊಡ್ಡದು, ತಲೆಕೆಳಗು, ಅಂತ ಸೇರಿಸಿದಳು. ಎಲ್ಲ ಸರಿ. ಖುಷಿಪಡುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ವೈಟ್ನರ್ ಇದೆಯಾ ಮೇಡಂ? ಮೇಲಿಂದು ಅಳಿಸ್ತೇನೆ."

"ಕರೆಯೋಲೆಯ ಹಿಂಬದಿ ಅದು. ನಾಳೆ ರದ್ದಿಗೆ ಹೋಗ್ತದೆ. ಯಾಕೆ ಅಳಿಸ್ಬೇಕು?"

ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಸಮಾಜ ವಿಜ್ಞಾನದಲ್ಲಿ ಗೊತ್ತಿಲ್ದಿದ್ರೂ ಎರಡು ಪೇಜ್ ತುಂಬಿಸ್ಬಹುದು. ಫಿಸಿಕ್ಸಲ್ಲಿ ತಪ್ಪು ಬರೆದ್ರೆ ಎದ್ದು ಕಾಣ್ತದೆ. ಖಾಲಿ ಬಿಟ್ರೆ ಇವಳು ಓದ್ಲಿಲ್ಲ ಅಂತಾರೆ. ತಪ್ಪು ಬರೆದ್ರೆ ಇವಳು ದಡ್ಡಿ ಅಂತಾರೆ."

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ಈ ಮಾತು ನನ್ನನ್ನು ಅಲ್ಲಾಡಿಸಿತು. ಅವಳು ಹೆದರಿ ಖಾಲಿ ಬಿಟ್ಟಿರಲಿಲ್ಲ. ಲೆಕ್ಕಾಚಾರ ಹಾಕಿಯೇ ಬಿಟ್ಟಿದ್ದಳು. ಎರಡು ಬೈಗುಳಗಳಲ್ಲಿ ಕಡಿಮೆ ನೋವಿನದನ್ನು ಆರಿಸಿಕೊಂಡಿದ್ದಳು. ನಾನು ಕೊಟ್ಟ ವೇಳಾಪಟ್ಟಿ ಅವಳಿಗೆ ಅಡಗಿಕೊಳ್ಳಲು ಇನ್ನೊಂದು ಅಚ್ಚುಕಟ್ಟಾದ ಜಾಗವಾಯಿತು, ಅಷ್ಟೇ.

ಅವತ್ತು ಕೊಟ್ಟ ಸಲಹೆ ಹೀಗಿತ್ತು. ಒಂದು ಅಗ್ಗದ ಪುಸ್ತಕ ತಗೊ. ಅದಕ್ಕೆ ಬೈಂಡ್ ಹಾಕಬೇಡ, ಹೆಸರು ಬರೆಯಬೇಡ. ದಿನಕ್ಕೆ ಎರಡೇ ಲೆಕ್ಕ, ಗೈಡ್ ಮುಚ್ಚಿಟ್ಟು, ಪೆನ್ನಿನಲ್ಲಿ. ಅಳಿಸುವ ಹಾಗಿಲ್ಲ, ಪುಟ ಹರಿಯುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಕೆಳಗೆ ಮತ್ತೆ ಮಾಡು. ಗೈಡಿನ ಉತ್ತರ ನೋಡುವ ಮೊದಲು 'ಇದು ಹೀಗಿರಲು ಸಾಧ್ಯವಾ?' ಅಂತ ನೀನೇ ಕೇಳಿಕೊ. ಮತ್ತೆ, ಈ ಪುಸ್ತಕ ಯಾರಿಗೂ ತೋರಿಸಬೇಡ. ಅಪ್ಪನಿಗೆ ಬೇಡ, ಅಣ್ಣನಿಗೆ ಬೇಡ, ಸರ್‌ಗೆ ಬೇಡ, ನನಗೂ ಬೇಡ.

'ಸಾಧ್ಯವಾ' ಅನ್ನುವ ಆ ಪ್ರಶ್ನೆಯ ಬಗ್ಗೆ ಸ್ವಲ್ಪ ಹೇಳಬೇಕು. ಭೌತಶಾಸ್ತ್ರದ ದೊಡ್ಡ ಉಪಕಾರ ಅದು. ಇತಿಹಾಸದ ಇಸವಿ ತಪ್ಪಿದರೆ ಪುಸ್ತಕ ತೆರೆಯದೆ ಗೊತ್ತಾಗುವುದಿಲ್ಲ. ಇಲ್ಲಿ ಎಷ್ಟೋ ಸಲ ಕೂತಲ್ಲೇ ಗೊತ್ತಾಗುತ್ತದೆ. 6 ಓಮ್, 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿ 9 ಅಂತ ಬರೆಯುವ ಮಕ್ಕಳಿದ್ದಾರೆ. ವಿದ್ಯುತ್ತಿಗೆ ಇನ್ನೊಂದು ದಾರಿ ಕೊಟ್ಟ ಮೇಲೆ ರೋಧ ಜಾಸ್ತಿಯಾಗುವುದು ಹೇಗೆ? ಎರಡರಲ್ಲಿ ಚಿಕ್ಕದಾದ 3ಕ್ಕಿಂತಲೂ ಕಡಿಮೆ ಬರಲೇಬೇಕು. ಬರುವುದು 2. ಹಾಗೆಯೇ 1000 ವ್ಯಾಟ್ ಹೀಟರ್ ಎರಡು ತಾಸು ಉರಿದರೆ ಎಷ್ಟು ಯೂನಿಟ್ ಅಂದರೆ 2000 ಅಂತ ಬರೆಯುತ್ತಾರೆ. ಕಿಲೋವ್ಯಾಟಿಗೆ ತರಲು ಮರೆತಿರುತ್ತಾರೆ. "ಹಾಗಾದ್ರೆ ಹೆಸ್ಕಾಂ ಕರೆಂಟ್ ಬಿಲ್ ಕಟ್ಟೋಕೆ ಅಪ್ಪ ತೋಟ ಮಾರ್ಬೇಕು" ಅಂದರೆ ನಗುತ್ತಾರೆ. 2 ಅಂತ ತಿದ್ದುತ್ತಾರೆ. ತಪ್ಪು ಹಿಡಿಯಲು ಇನ್ನೊಬ್ಬರು ಬೇಕಿಲ್ಲ ಅಂತಾದರೆ, ಇನ್ನೊಬ್ಬರ ಮುಂದೆ ನಾಚಿಕೆಪಡುವ ಮಾತೂ ಬರುವುದಿಲ್ಲ. ನನ್ನ ಸಲಹೆಯೆಲ್ಲ ನಿಂತಿರುವುದು ಇದರ ಮೇಲೆ.

ಅಪ್ಪನಿಗೆ ಇದು ಹಿಡಿಸಲಿಲ್ಲ. "ನಾವು ನೋಡ್ದೇ ಇದ್ರೆ ತಿದ್ದೋದು ಯಾರು?" ಅಂದರು. ಎರಡು ವಾರ ಮಾತ್ರ ಕೊಡಿ ಅಂತ ಒಪ್ಪಿಸಿದೆ. ಒಪ್ಪದೆ ಇದ್ದವರು ಅವಳ ಶಾಲೆಯ ವಿಜ್ಞಾನದ ಸರ್. ಫೋನ್ ಮಾಡಿದರು. ಪರೀಕ್ಷೆ ಹತ್ತಿರ ಬಂದಾಗ ಹಳೆ ಪ್ರಶ್ನೆ ಪತ್ರಿಕೆ ಮಾಡಿಸುವುದು ಬಿಟ್ಟು ತಪ್ಪು ಮಾಡು ಅಂತ ಹೇಳಿದ್ದೀರಂತೆ ಅಂದರು. ಕೊನೆಗೆ, "ಮೇಡಂ, ನೀವು ಮನಸ್ಸು ನೋಡ್ಕೊಳ್ಳಿ. ಲೆಕ್ಕ ನಾವು ನೋಡ್ಕೊಳ್ತೇವೆ."

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಸರ್ ಹೇಳಿದ್ದರಲ್ಲಿ ಅರ್ಧ ಸರಿ. ನಾನು ಭೌತಶಾಸ್ತ್ರದ ಶಿಕ್ಷಕಿ ಅಲ್ಲ, ಪದವಿಯಲ್ಲಿ ಓದಿದ್ದು ಬಿಟ್ಟರೆ. ಪಾಸಾಗುವುದೇ ಕಷ್ಟ ಅನ್ನುವ ಮಗುವಿಗೆ ಶಾಲೆಯವರು ಕೊಡುವ ಪಾಸಿಂಗ್ ಪ್ಯಾಕೇಜ್ ಬಿಡು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಈ ಕೂಸಿಗೆ ಹಳೆ ಪ್ರಶ್ನೆ ಪತ್ರಿಕೆ ಕೊಟ್ಟರೆ ಏನು ಮಾಡುತ್ತಿದ್ದಳು? ಉತ್ತರ ಹುಡುಕಿ ಚಂದ ಮಾಡಿ ನಕಲು ಮಾಡುತ್ತಿದ್ದಳು. ಖಾಲಿ ಜಾಗಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕ ಕೊಡಲು ಮೌಲ್ಯಮಾಪಕರಿಗೂ ಸಾಧ್ಯವಿಲ್ಲ. ಸೂತ್ರ ಬರೆದು, ಬೆಲೆ ಹಾಕಿ, ಕೊನೆಗೆ ಉತ್ತರ ತಪ್ಪಿದರೂ ಹಂತಗಳಿಗೆ ಅಂಕವಿದೆ. ಇದನ್ನು ಆ ಸರ್ ತರಗತಿಯಲ್ಲಿ ಎಷ್ಟು ಸಲ ಹೇಳಿರುತ್ತಾರೋ. ಹೇಳಿದ್ದರಿಂದ ಅವಳ ಕೈ ಹಗುರಾಗಲಿಲ್ಲ. ದಿನಾ ತಪ್ಪು ಬರೆದು ರೂಢಿಯಾಗಿದ್ದರೆ ತಾನೇ ಪರೀಕ್ಷೆಯಲ್ಲಿ ಪೆನ್ನು ಓಡುವುದು?

ಇನ್ನೊಂದು ಸಣ್ಣ ಮಾತು ಹೇಳಿಕೊಟ್ಟಿದ್ದೆ. ಎಸ್ಸೆಸ್ಸೆಲ್ಸಿ ವಿಜ್ಞಾನದ 80 ಅಂಕದ ಪತ್ರಿಕೆಯಲ್ಲಿ ಭೌತಶಾಸ್ತ್ರ ಮೊದಲು ಬರುತ್ತದೆ, ಜೀವಶಾಸ್ತ್ರ ಕೊನೆಗೆ. ಬರೆಯುವುದೂ ಅದೇ ಕ್ರಮದಲ್ಲಿ ಆಗಬೇಕೆಂದೇನಿಲ್ಲ. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಸಾಕು. ಜೀವಶಾಸ್ತ್ರದಿಂದ ಶುರುಮಾಡು, ಕೈ ಬಿಸಿಯಾಗಲಿ, ಆಮೇಲೆ ಲೆಕ್ಕಕ್ಕೆ ಬಾ ಅಂದಿದ್ದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದೂ ಇಂಥ ಮಕ್ಕಳಿಗೆ ಒಳ್ಳೆಯದೇ. ಆದರೆ ಮೊದಲನೆಯದು ಕೆಟ್ಟರೆ ಇನ್ನೊಂದಿದೆ ಅಂತ ಮನೆಯವರು ಮೂರು ಹೊತ್ತೂ ಹೇಳುತ್ತಿದ್ದರೆ, ಕೆಡುತ್ತದೆ ಅಂತ ಅವರೇ ಒಪ್ಪಿಕೊಂಡಂತೆ ಮಗುವಿಗೆ ಕೇಳಿಸುತ್ತದೆ.

ಘಟ್ಟದ ಕೆಳಗಿನ ಒಬ್ಬ ಹುಡುಗನದು ಇದರ ಇನ್ನೊಂದು ರೂಪ. ಅವನು ಬಾಯಲ್ಲೇ ಲೆಕ್ಕ ಮಾಡುತ್ತಿದ್ದ. ಉತ್ತರ ಒಂದನ್ನೇ ಬರೆಯುತ್ತಿದ್ದ, ಹಂತ ಇಲ್ಲ. ತಪ್ಪು ಎಲ್ಲಾಯಿತು ಅಂತ ಯಾರಿಗೂ ಕಾಣಬಾರದು, ಅಷ್ಟೇ. ಅವನಿಗೂ ಅದೇ ಅಗ್ಗದ ಪುಸ್ತಕ ಹೇಳಿದೆ. ಅವನು ಒಂದು ವಾರ ಬರೆದು ಬಿಟ್ಟುಬಿಟ್ಟ. ಎಲ್ಲರಿಗೂ ಹಿಡಿಸುವ ಮದ್ದು ಇದು ಅಂತ ನಾನು ಹೇಳುತ್ತಿಲ್ಲ. ನಿದ್ದೆ ಬಾರದ, ಊಟ ಬಿಟ್ಟ, ಸಾಯುವ ಮಾತಾಡುವ ಮಗುವಿಗಂತೂ ಪುಸ್ತಕದ ಉಪಾಯ ಹೇಳುತ್ತಾ ಕೂರಬೇಡಿ. ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅದು ನಮ್ಮ ಶಿರಸಿಯ ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬರುವುದೂ ಪರೀಕ್ಷೆಯ ಆಸುಪಾಸಿಗೆ. ಕಳಿಸಬೇಕೋ ಬೇಡವೋ ಅಂತ ಅಮ್ಮ ಕೇಳಿದರು. ಒಂದು ಸಂಜೆ ಹೋಗಿ ಬರಲಿ, ತಿರುಗುವ ತೊಟ್ಟಿಲಲ್ಲಿ ಕೂತು ಬರಲಿ ಅಂದೆ. ಅದಕ್ಕೂ ಅಪ್ಪ ಮುಖ ಗಂಟು ಹಾಕಿದರು.

ಪರೀಕ್ಷೆ ಮುಗಿದ ಮೇಲೆ ಕೂಸು ಒಮ್ಮೆ ಬಂದಿದ್ದಳು, ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಬಾಟಲಿ ಹಿಡಿದುಕೊಂಡು. ಭೌತಶಾಸ್ತ್ರದಲ್ಲಿ ಯಾವುದನ್ನೂ ಖಾಲಿ ಬಿಡಲಿಲ್ಲವಂತೆ. ಒಂದು ಲೆಕ್ಕದ ಉತ್ತರ ಹಾಗೆ ಬರಲು ಸಾಧ್ಯವೇ ಇಲ್ಲ ಅಂತ ಬರೆದ ಮೇಲೆ ಗೊತ್ತಾಯಿತಂತೆ. ಮತ್ತೆ ಮಾಡಲು ಹೊತ್ತಿರಲಿಲ್ಲ, ಹಾಗೇ ಬಿಟ್ಟು ಬಂದಳಂತೆ. ಹೇಳುವಾಗ ಕೈ ಬಾಯಿಗೆ ಅಡ್ಡ ಹೋಗಲಿಲ್ಲ. ಅಂಕ ಎಷ್ಟು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಉಳಿದದ್ದೆಲ್ಲ ಮರೆತು ಅದೊಂದನ್ನೇ ನೆನಪಿಟ್ಟುಕೊಳ್ಳುತ್ತೀರಿ.

"ಆ ಪುಸ್ತಕ ಎಲ್ಲಿದೆ? ಒಮ್ಮೆ ತೋರಿಸ್ತೀಯಾ?" ಅಂತ ಕೇಳಿದೆ. ನಿಜವಾಗಿ ಆಸೆ ಇತ್ತು.

"ಇಲ್ಲ ಮೇಡಂ" ಅಂದಳು. "ನೀವೇ ಹೇಳಿದ್ರಲ್ಲ, ನಿಮಗೂ ತೋರಿಸ್ಬಾರ್ದು ಅಂತ."