“ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ”

(ಗುರುತು ಸಿಗದಿರಲೆಂದು ಊರು, ವೃತ್ತಿ, ಮೊತ್ತಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಆಕೆಗೆ 27 ವರ್ಷ. ತುಮಕೂರು ಕಡೆಯ ಹಳ್ಳಿಯವಳು, ಕೆಲಸ ಬೆಂಗಳೂರಿನಲ್ಲಿ. ನಿಶ್ಚಿತಾರ್ಥವಾದಾಗಿನಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮನೆಯಿಂದ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಹುಡುಗ ಒಪ್ಪಿಗೆಯಿಲ್ಲವೇ ಎಂದು ಕೇಳಿದೆ. “ಹುಡುಗ ಒಪ್ಪಿಗೆ. ಮದುವೆ ನೆನೆಸಿಕೊಂಡರೆ ಭಯ” ಎಂದಳು.

ಎಂಟು ಲಕ್ಷದಲ್ಲಿ ಮುಗಿಸೋಣ ಅಂದುಕೊಂಡಿದ್ದು 21 ಲಕ್ಷಕ್ಕೆ ಬಂದು ನಿಂತಿತ್ತು. ಚಪ್ಪರ, ವರಪೂಜೆ, ಧಾರೆ, ಬೀಗರ ಊಟ ಮೊದಲಿನಿಂದಲೂ ಇದ್ದವೇ. ಅದರ ಮೇಲೆ ಮೆಹೆಂದಿ, ಸಂಗೀತ್, ಪ್ರೀ-ವೆಡ್ಡಿಂಗ್ ಶೂಟ್, ಡ್ರೋನ್, ಎಲ್‌ಇಡಿ ಪರದೆ. ಮನೆಯ ಹೆಂಗಸರು ಹಾಡು ಹೇಳಿಕೊಂಡು ಹಚ್ಚುತ್ತಿದ್ದ ಅರಿಶಿಣಕ್ಕೂ ಈಗ ಡೆಕೊರೇಟರ್ ಬೇಕು. ತಂದೆ ನಿವೃತ್ತ ಮೇಷ್ಟ್ರು. ನಿವೃತ್ತಿಯ ಹಣ ಸಾಲದೆ ತಾಯಿಯ ಒಡವೆ ಅಡವಿಡುವ ಮಾತು ನಡೆದಿತ್ತು.

ಗಂಡಿನ ಕಡೆಯವರು ಹೇಳಿದ್ದು ತಲೆಬರಹದಲ್ಲಿರುವಷ್ಟೇ. ಕಾರು, ಚಿನ್ನ ಎಂದು ಬಾಯಿಬಿಟ್ಟು ಕೇಳಿದ್ದರೆ ನನ್ನ ಸಲಹೆಯೇ ಬೇರೆಯಾಗುತ್ತಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಕೇಳುವುದೂ ಅಪರಾಧ, ಕೊಡುವುದೂ ಅಪರಾಧ. ಹಾಗಾಗಿ ಬೇಡಿಕೆ, ಬೆದರಿಕೆ ಏನಾದರೂ ಇದೆಯೇ ಎಂದು ಮೊದಲೇ ಕೇಳಿಕೊಂಡೆ. ಇರಲಿಲ್ಲ. ಇದ್ದದ್ದು ಅಳತೆಯಿಲ್ಲದ ಆ “ಚೆನ್ನಾಗಿ” ಮಾತ್ರ. ಎದುರಿನವರ ಮನಸ್ಸಿನಲ್ಲಿ ಏನಿದೆಯೋ ಎಂದು ಹೆಣ್ಣಿನ ಮನೆಯವರು ತಾವೇ ಊಹಿಸಿಕೊಂಡು, ಊಹೆಗಿಂತ ಒಂದು ಕೈ ಹೆಚ್ಚೇ ಖರ್ಚಿಗೆ ಇಳಿಯುತ್ತಾರೆ. ಇಂಥ ಮನೆಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹುಡುಗನೊಂದಿಗೆ ಲೆಕ್ಕ ಮಾತಾಡು ಎಂದೆ. ಆಕೆಗೆ ಸಂಕೋಚ. ಸುತ್ತಿಬಳಸದೆ ಹೀಗೆ ಕೇಳಲು ಹೇಳಿಕೊಟ್ಟೆ: “ಅಪ್ಪ 21 ಲಕ್ಷ ಹಾಕುತ್ತಿದ್ದಾರೆ, ಅಮ್ಮನ ಒಡವೆ ಅಡವಿಗೆ ಹೋಗುತ್ತಿದೆ. ನನಗೆ ಇದು ಬೇಡ. ನಿನಗೆ ಬೇಕಾ?” ಆತನಿಗೂ ಬೇಕಿರಲಿಲ್ಲ. ಶೂಟ್, ಸಂಗೀತ್ ಎಲ್ಲ ಇವಳ ಆಸೆ ಎಂದೇ ಆತ ತಿಳಿದಿದ್ದ.

ತಂದೆಯ ವಿಷಯ ಅಷ್ಟು ಸುಲಭವಿರಲಿಲ್ಲ. ಕರೆಸಿದಾಗ ಚೀಲದಿಂದ ರಟ್ಟು ಹರಿದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಮುಯ್ಯಿ ಲೆಕ್ಕ. ಅವರ ಮದುವೆಗೆ, ತಂಗಿಯ ಮದುವೆಗೆ ಯಾರು ಏನು ಓದಿಸಿದರು ಎಂಬುದೆಲ್ಲ ಅದರಲ್ಲಿ: 11 ರೂಪಾಯಿ, 51 ರೂಪಾಯಿ, ಸ್ಟೀಲ್ ಬಿಂದಿಗೆ, ಒಬ್ಬರ ಹೆಸರಿನ ಮುಂದೆ “ಅಕ್ಕಿ 1 ಮೂಟೆ”. “ಇವರನ್ನು ಕರೆಯದೆ ಹೇಗೆ ಇರಲಿ, ಹೇಳಿ” ಎಂದರು. ಸರಳ ಮದುವೆಯ ಪರ ಮಾತಾಡುವವರು ಇಂಥ ತಂದೆಯಂದಿರನ್ನು ಆಡಂಬರದವರೆಂದು ಜರೆಯುತ್ತಾರೆ. ಅದು ಅನ್ಯಾಯ. ಕಷ್ಟಕ್ಕಾದವರಿಗೆ ಒಂದು ಹೊತ್ತು ಊಟ ಹಾಕಬೇಕೆನ್ನುವುದು ನಿಜವಾದ ಋಣ. ಹಾಗಾಗಿ ಆಮಂತ್ರಣದ ಪಟ್ಟಿಯಲ್ಲಿ ಋಣಕ್ಕೆ ಕರೆಯುವವರು ಯಾರು, ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆಗೆ ಕರೆಯುವವರು ಯಾರು, ಗುರುತು ಹಾಕಿಕೊಂಡು ಬನ್ನಿ ಎಂದೆ. ಊಟಕ್ಕೆ ಕೈ ಹಚ್ಚಬೇಡಿ, ಅಂಜಿಕೆಯ ಖರ್ಚು ಕಡಿಮೆ ಮಾಡಿ. ಡ್ರೋನ್, ಪರದೆ, ಹೂವಿನ ಗೋಡೆ ಇವ್ಯಾವೂ ಆ ನೋಟ್‌ಬುಕ್ಕಿನವರಿಗಾಗಿ ಅಲ್ಲ ಎಂದು ಮೇಷ್ಟ್ರೇ ಕಂಡುಕೊಂಡರು.

ಕುವೆಂಪು ರೂಪಿಸಿದ, 1966ರಲ್ಲಿ ಅವರ ಮಗ ತೇಜಸ್ವಿ ಮದುವೆಯಾದ ಸರಳ ವಿವಾಹ ಪದ್ಧತಿ ಮಂತ್ರಮಾಂಗಲ್ಯದ ಬಗ್ಗೆ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸು ಕೊಟ್ಟು ರಿಜಿಸ್ಟರ್ ಮದುವೆಯಾಗುವ ದಾರಿಯನ್ನೂ ತಿಳಿಸಿದೆ. ಒತ್ತಾಯಿಸಲಿಲ್ಲ. ಮಗಳನ್ನು ಧಾರೆ ಎರೆದು ಕೊಡಬೇಕೆಂಬುದು ತಂದೆಯ ಆಸೆ, ಮಗಳಿಗೂ ಅದಕ್ಕೆ ತಕರಾರಿರಲಿಲ್ಲ. ಒಂದು ಒತ್ತಡ ಇಳಿಸಲು ಹೋಗಿ ಇನ್ನೊಂದನ್ನು ನಾನೇ ಹೇರಬಾರದಲ್ಲ.

ಉಳಿದದ್ದು ನೆಂಟರ ಬಾಯಿ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಒಳಗಾದವರು ಸುಮಾರು ಮೂರರಲ್ಲಿ ಒಂದು ಸಲ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತಿಗೇ ಹೂಂ ಎಂದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಹಾಗೆ ಮಣಿಯುವುದು ತೀರಾ ಕಡಿಮೆಯಾಯಿತು. ಆದ್ದರಿಂದ ಎಲ್ಲರನ್ನೂ ಒಪ್ಪಿಸಲು ಹೊರಡಬೇಡ, ತೂಕವುಳ್ಳ ಒಬ್ಬರನ್ನು ಜೊತೆಗಿಟ್ಟುಕೋ ಎಂದೆ. ಆಕೆ ಸೋದರಮಾವನ ಹತ್ತಿರ ಹೋದಳು. ಮದುವೆಯಲ್ಲಿ ಸೋದರಮಾವನ ಮಾತು ತೆಗೆದುಹಾಕುವವರು ಕಡಿಮೆ. “ಒಡವೆ ಅಡವಿಟ್ಟು ಕುಣಿಯೋದು ಬೇಡ” ಎಂದು ಅವರು ಎಲ್ಲರೆದುರು ಹೇಳಿದ ಮೇಲೆ ಚಿಕ್ಕಪ್ಪಂದಿರು ಸುಮ್ಮನಾದರು.

ಮದುವೆ ಹನ್ನೊಂದು ಲಕ್ಷದಲ್ಲಿ ಆಯಿತು. ರಿಸೆಪ್ಷನ್ ಖರ್ಚು ಗಂಡಿನವರು ಹೊತ್ತರು. ತಂಗಿ ಹಟ ಹಿಡಿದಿದ್ದರಿಂದ ಹಲ್ದಿ ಉಳಿಯಿತು. ಇರಲಿ, ಅದು ಆ ಹುಡುಗಿಯ ಸಂತೋಷ. ತಾಯಿಗೆ ಮಾತ್ರ ಇನ್ನೂ ಕೊರಗಿದೆ. ಓರಗಿತ್ತಿ ಸಿಕ್ಕಾಗಲೆಲ್ಲ ತನ್ನ ಮಗಳ ಮದುವೆಯ ಮಂಟಪದ ಮಾತು ತೆಗೆಯುತ್ತಾರಂತೆ. “ನಮ್ಮ ಕೈಲಾದಷ್ಟು ಮಾಡಿದೆವು ಅಕ್ಕ” ಎಂದಷ್ಟೇ ಹೇಳಿ ಮಾತು ನಿಲ್ಲಿಸಲು ಹೇಳಿದ್ದೇನೆ. ಇಷ್ಟು ವರ್ಷ ಆ ಮನೆಯಲ್ಲಿ ಹೋಲಿಕೆಯ ಮಾತು ಕೇಳಿದವರಿಗೆ ಇದೊಂದು ವಾಕ್ಯ ಸಾಲದು. ಮುಂದಿನ ವಾರದಿಂದ ಅವರು ತಾವೊಬ್ಬರೇ ಬರುತ್ತಾರೆ.