ಅಟ್ಟದ ಮೇಲಿನ ಆ ಕಾಗದ

ಹರಿಹರದಿಂದ ಬಂದ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮಗೀಗ 34 ವಾರ. ನಾಲ್ಕು ವರ್ಷದ ಹಿಂದೆ ಮೊದಲ ಮಗು ಸಿಸೇರಿಯನ್, ಮಗುವಿನ ತಲೆ ಕೆಳಗೆ ತಿರುಗಲೇ ಇಲ್ಲ ಅಂತ. ಈ ಸಲ ತಿರುಗಿದೆ. ಡಾಕ್ಟರ್ ‘ನಾರ್ಮಲ್‌ಗೂ ನೋಡಬಹುದು, ಆಪರೇಷನ್ನೂ ಮಾಡಬಹುದು, ಯೋಚಿಸಿ ಹೇಳಿ’ ಅಂದಿದ್ದಾರೆ. ಅತ್ತೆ ಆಪರೇಷನ್ನೇ ಆಗಲಿ ಅಂತ ನಕ್ಷತ್ರ ನೋಡಿಸಿ ದಿನವನ್ನೂ ಗೊತ್ತು ಮಾಡಿದ್ದಾರೆ. ಚಿಕ್ಕಮ್ಮ ‘ನೋವು ತಿನ್ನದೆ ಹೆತ್ತರೆ ಅದೆಂಥ ಹೆರಿಗೆ’ ಅಂತಾರೆ. ಗಂಡ ‘ನಿನ್ನಿಷ್ಟ’ ಅಂತಾರೆ.

ಎಲ್ಲ ಬರೆದು ಕೊನೆಗೊಂದು ಸಾಲು: ‘ಹಿಂದಿನ ಆಪರೇಷನ್ ಕಾಗದ ಕೇಳಿದ್ರು, ಅದು ಊರಮನೆ ಅಟ್ಟದ ಮೇಲೆಲ್ಲೋ ಇದೆ, ಇರಲಿ ಬಿಡಿ.’

ಇರಲಿ ಬಿಡಿ ಅನ್ನಬೇಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಅಟ್ಟದ ಮೇಲಿದೆ.

ಹೊಟ್ಟೆ ಮೇಲಿನ ಗುರುತು ನೋಡಿದರೆ ಒಳಗೆ ಗರ್ಭಕೋಶವನ್ನು ಹೇಗೆ ಕೊಯ್ದಿದ್ದರು ಅಂತ ತಿಳಿಯುವುದಿಲ್ಲ. ಅದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಕಾಗದದಲ್ಲಿ, ಅಂದರೆ ಡಿಸ್ಚಾರ್ಜ್ ಸಮರಿಯಲ್ಲಿರುತ್ತದೆ. ‘ಎಲ್‌ಎಸ್‌ಸಿಎಸ್’ ಅಂತಿದ್ದರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದದ್ದು. ಸಾಮಾನ್ಯವಾಗಿ ಅಡ್ಡಕ್ಕೆ ಕೊಯ್ದಿರುತ್ತಾರೆ. ಅಂಥವರು ನಾರ್ಮಲ್‌ಗೆ ಪ್ರಯತ್ನಪಟ್ಟರೆ ಸುಮಾರು 4ರಲ್ಲಿ 3 ಜನಕ್ಕೆ ಆಗುತ್ತದೆ. ಹಳೇ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಆದರೆ ಬಿಟ್ಟಿತೋ, ಕಾಯಲು ಹೊತ್ತಿರುವುದಿಲ್ಲ. ಹಾಗಾಗಿ ರಾತ್ರಿ ಎರಡು ಗಂಟೆಗೂ ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರ್, ರಕ್ತ ಮೂರೂ ಸಿಗುವ ಕಡೆ ಮಾತ್ರ ಈ ಪ್ರಯತ್ನ. ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ನಾರ್ಮಲ್ ಮಾತೇ ಬೇಡ. ಇನ್ನೂ ಮಕ್ಕಳು ಬೇಕೆಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಪರೇಷನ್ ಹೆಚ್ಚಿದ ಹಾಗೆ, ಮುಂದಿನ ಬಸುರಿನಲ್ಲಿ ಮಾಸು ಹಳೇ ಗಾಯಕ್ಕೆ ಅಂಟಿಕೊಳ್ಳುವ ಭಯವೂ ಜಾಸ್ತಿ.

ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳಿದ್ದೇನೆ, ಹೆಣ್ಣಿನ ಆಸ್ಪತ್ರೆ ಕಾಗದ ಅವಳ ಕೈಯಲ್ಲೇ ಇರಬೇಕು. ಮದುವೆ ಆಲ್ಬಮ್ ಬೀರುವಿನಲ್ಲಿ ಜೋಪಾನ, ಹೊಟ್ಟೆ ಕೊಯ್ದ ಕಾಗದ ಅಟ್ಟದಲ್ಲಿ ಇಲಿ ಪಾಲು. ನನಗೆ ಇದನ್ನು ಸಹಿಸಲಾಗುವುದಿಲ್ಲ.

ಅತ್ತೆ ಮೇಲೆ ನನಗೆ ಸಿಟ್ಟಿಲ್ಲ. ಅವರ ತಂಗಿ ಹೆರಿಗೆಯಲ್ಲೇ ತೀರಿಕೊಂಡರು ಅಂತ ನೀವೇ ಬರೆದಿದ್ದೀರಿ. ಆ ಮನೆಯಲ್ಲಿ ನಿಮಗಿಂತ ಜಾಸ್ತಿ ಹೆದರಿರುವವರು ಅವರು. ಆದರೆ ಅವರು ಹೇಳುವ ದಿನಕ್ಕೆ ನಿಮಗೆ 37 ವಾರ ಅಷ್ಟೇ. ಬೇರೆ ತೊಂದರೆ ಇಲ್ಲದಿದ್ದರೆ, ದಿನ ಇಟ್ಟು ಮಾಡುವ ಸಿಸೇರಿಯನ್‌ಗೆ 39 ವಾರದ ತನಕ ಕಾಯುತ್ತಾರೆ. ಮುಂಚೆ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಇದನ್ನು ಡಾಕ್ಟರ್ ಬಾಯಿಂದಲೇ ಅವರಿಗೆ ಕೇಳಿಸಿ.

ಚಿಕ್ಕಮ್ಮನಿಗೆ ಇಷ್ಟು ಹೇಳಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಯಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಅದರಲ್ಲಿ ಎಷ್ಟು ಬೇಕಿತ್ತು, ಎಷ್ಟು ಬೇಡವಾಗಿತ್ತು ಅನ್ನುವ ಜಗಳ ಬೇರೆ. ಹೆತ್ತವರೆಲ್ಲ ತಾಯಂದಿರೇ ಅಲ್ವಾ?

ನನಗೆ ಸಿಟ್ಟು ಬಂದದ್ದು ನಿಮ್ಮ ಗಂಡನ ಮೇಲೆ. ‘ನಿನ್ನಿಷ್ಟ’ ಅನ್ನುವುದು ಕೇಳಲು ಮರ್ಯಾದೆಯಾಗಿಯೇ ಇದೆ. ಆದರೆ ನಾಳೆ ಏನಾದರೂ ಆದರೆ ‘ನೀನೇ ಕೇಳಿಕೊಂಡದ್ದು’ ಅನ್ನಲೂ ಅದೇ ದಾರಿ. ಡಾಕ್ಟರ್ ಕಾಗದ ಕೇಳಿ ಮೂರು ವಾರವಾಯಿತು ಅಂತೀರಿ. ತುಂಬು ಬಸುರಿ ಅಟ್ಟ ಹತ್ತಲು ಆಗುತ್ತದೆಯೇ? ಅವರು ಹತ್ತಬೇಕಿತ್ತು.

ನಾರ್ಮಲ್ಲೋ ಸಿಸೇರಿಯನ್ನೋ ಅಂತ ಇವತ್ತು ತೀರ್ಮಾನ ಮಾಡಬೇಡಿ. ಒಂದೇ ಕೆಲಸ. ಈ ಭಾನುವಾರ ಗಂಡನನ್ನು ಅಟ್ಟ ಹತ್ತಿಸಿ. ಸಿಕ್ಕ ಕಾಗದವನ್ನು ತಾಯಿ ಕಾರ್ಡ್ ಜೊತೆ ನೀವೇ ಡಾಕ್ಟರ್ ಮೇಜಿನ ಮೇಲಿಟ್ಟು, ‘ಇದನ್ನು ನೋಡಿದ ಮೇಲೆ ಏನು ಹೇಳ್ತೀರಿ?’ ಅಂತ ಕೇಳಿ. ಕಾಗದ ಸಿಗದಿದ್ದರೆ, ಸೋಮವಾರ ಆ ಹಳೇ ಆಸ್ಪತ್ರೆಗೆ ನಕಲು ಕೇಳಲು ಹೋಗಬೇಕಾದವರೂ ಅವರೇ.