ಹೆಸರು ಒಂದೇ, ಹುಡುಗರು ಇಬ್ಬರು

ಮೊದಲೇ ಹೇಳಿಬಿಡುತ್ತೇನೆ, ಇದು ಒಂದೇ ಮನೆಯ ಕಥೆಯಲ್ಲ. ಎರಡು ಮೂರು ಮನೆಗಳ ಸಂಗತಿ ಇದರಲ್ಲಿ ಸೇರಿದೆ. ಊರು, ಕಸುಬು, ವಯಸ್ಸು ಅಲ್ಲಲ್ಲಿ ಬದಲಿಸಿದ್ದೇನೆ. ಯಾವ ರೆಜಿಮೆಂಟ್, ಯಾವ ಶಿಖರ ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದೇನೆ. ಬಂದವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಬರೆಯುತ್ತಿದ್ದೇನೆ.

2024ರ ಆಗಸ್ಟ್. ಸಿರುಗುಪ್ಪ ಕಡೆಯ ತಾಯಿ ಮಗ ಬಳ್ಳಾರಿಯ ನನ್ನ ಕೌನ್ಸೆಲಿಂಗ್ ರೂಮಿಗೆ ಬಂದರು. ಮಗನಿಗೆ 23. ಫಾರಂ ತುಂಬಲು ಹೆಸರು ಕೇಳಿದೆ. ತಾಯಿ ಹೇಳಲಿಲ್ಲ. "ನೀನ ಬರಿಯಪ್ಪ" ಎಂದು ಪೆನ್ನು ಅವನ ಕೈಗೆ ಕೊಟ್ಟರು. ನಮ್ಮ ಕಡೆಯವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಮಾವನ ಹೆಸರು, ಭಾವನ ಹೆಸರು ಸೊಸೆಯರ ಬಾಯಲ್ಲಿ ಬರುವುದಿಲ್ಲ. ಅದೇ ಹೆಸರನ್ನು ಮಗನಿಗೆ ಇಟ್ಟರೆ ಮಗನನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಈ ತಾಯಿ 23 ವರ್ಷ "ಏ ಇವನ", "ಬಾರಪ್ಪ ಇಲ್ಲಿ" ಅನ್ನುತ್ತಲೇ ಮಗನನ್ನು ಬೆಳೆಸಿದ್ದರು.

ಹೆಸರು ಅವನ ದೊಡ್ಡಪ್ಪನದು. 1999ರ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡ ಕ್ಯಾಪ್ಟನ್. ಆಗ 25 ವರ್ಷ. ಇವನು ಹುಟ್ಟಿದ್ದು 2001ರಲ್ಲಿ. ಊರಲ್ಲಿ ಚಹಾದಂಗಡಿಯವನಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರಿಗೂ ಇವನು "ಸಣ್ಣ ಕ್ಯಾಪ್ಟನ್".

ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲ ಮಲಗುತ್ತಾನೆ, ಊಟ ಅರ್ಧಕ್ಕೆ ಬಿಡುತ್ತಾನೆ, ಮಾತೇ ಇಲ್ಲ. ಇದು ತಾಯಿ ಹೇಳಿದ್ದು. ಡಿಗ್ರಿ ಮುಗಿಸಿ ಸೈನ್ಯದ ಆಫೀಸರ್ ಆಗಲು ಓದುತ್ತಿದ್ದ. ಅದರ ಲಿಖಿತ ಪರೀಕ್ಷೆ ಸಿಡಿಎಸ್ ಬರೆದು ಪಾಸಾಗಿ, ಆಯ್ಕೆ ಮಂಡಳಿ ಎಸ್‌ಎಸ್‌ಬಿಯ ಸಂದರ್ಶನಕ್ಕೆ ಮೂರು ಸಲ ಹೋಗಿದ್ದ. ಎರಡು ಸಲ ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ವಾಪಸ್ ಕಳಿಸಿದರು. ಮೂರನೇ ಸಲ ಐದೂ ದಿನ ಉಳಿದ. ಕೊನೆಗೆ ಆಯ್ಕೆಯಾದವರ ಚೆಸ್ಟ್ ನಂಬರ್, ಅಂದರೆ ಎದೆಗೆ ಕಟ್ಟಿದ ನಂಬರ್, ಕೂಗುವಾಗ ಇವನದು ಬರಲಿಲ್ಲ. ವಯಸ್ಸಿನ ಮಿತಿಯೂ ಮುಗಿಯುತ್ತ ಬಂದಿತ್ತು.

ನಾನು ಇಲ್ಲಿ ಎಡವಿದೆ. ಇದು ಪರೀಕ್ಷೆಯ ಸೋಲು ಅಂದುಕೊಂಡು ಎರಡು ಭೇಟಿ ಅದರಲ್ಲೇ ಕಳೆದೆ. ಬೇರೆ ದಾರಿ ಯಾವುದಿದೆ, ದಿನಚರಿ ಹೇಗಿರಬೇಕು, ಅದೇ ಮಾತು. ಅಷ್ಟು ಸಾಲದು ಅಂತ, "ನಿನ್ನ ದೊಡ್ಡಪ್ಪ ಇದ್ದಿದ್ದರೆ ನಿನ್ನ ಪ್ರಯತ್ನ ನೋಡಿ ಖುಷಿಪಡ್ತಿದ್ರು" ಅಂದುಬಿಟ್ಟೆ. ಹುಡುಗ ಗೋಡೆ ಗಡಿಯಾರ ನೋಡಿದ. ಆಮೇಲೆ ಆ ದಿನ ಅವನು ಬಾಯಿ ಬಿಡಲಿಲ್ಲ. ಊರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದ್ದೆ, ಅದೂ ಫೀಸು ತೆಗೆದುಕೊಂಡು.

ಮೂರನೇ ಭೇಟಿಯಲ್ಲಿ ನಿಜ ಸಂಗತಿ ಬಂತು. ಪ್ರತಿ ವರ್ಷ ಜುಲೈ 26, ಕಾರ್ಗಿಲ್ ವಿಜಯ ದಿವಸ. ಊರಿನ ಶಾಲೆಯಲ್ಲಿ ಕಾರ್ಯಕ್ರಮ. 2024ಕ್ಕೆ 25 ವರ್ಷ ತುಂಬಿದ್ದರಿಂದ ಜೋರಾಗಿಯೇ ಮಾಡಿದರು. ಅಜ್ಜಿಗೆ ಶಾಲು, ಹಣ್ಣಿನ ಬುಟ್ಟಿ. ಇವನನ್ನು ವೇದಿಕೆಗೆ ಕರೆದು ಮೈಕಿನಲ್ಲಿ, "ನಮ್ಮ ಕ್ಯಾಪ್ಟನ್ ಎಲ್ಲೂ ಹೋಗಿಲ್ಲ, ಇಗೋ ಇಲ್ಲೇ ನಿಂತಿದ್ದಾರೆ" ಎಂದರು. ಚಪ್ಪಾಳೆ. ಮೂರನೇ ಸಲ ವಾಪಸ್ ಬಂದು ಆಗ ಒಂದು ತಿಂಗಳೂ ಆಗಿರಲಿಲ್ಲ. ಇವನು ವೇದಿಕೆಯಿಂದ ಇಳಿದು ಸೀದಾ ಬಸ್ ಹತ್ತಿ ಬಳ್ಳಾರಿಗೆ ಬಂದ. ರಾತ್ರಿ 11ರವರೆಗೆ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ.

"ಎಲ್ಲಿಗೆ ಹೋಗಬೇಕು ಅಂತಿತ್ತು?"

"ಎಲ್ಲಿಗೂ ಇಲ್ಲ ಮೇಡಂ."

ನೇರವಾಗಿ ಕೇಳಿದೆ, ಸಾಯುವ ಯೋಚನೆ ಬಂದಿತ್ತಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಸಲ, ಕೊನೆಗೂ ಯಾರೋ ಕೇಳಿದರಲ್ಲ ಅಂತ ಎದೆ ಹಗುರಾಗುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮನಿಯಾಗ ಸತ್ತೋರಿಗೆ ಇರೋ ಬೆಲಿ ಇದ್ದೋರಿಗಿಲ್ಲ ಮೇಡಂ" ಅಂದ. ಹೌದು, ಒಂದೆರಡು ರಾತ್ರಿ ಆ ಯೋಚನೆ ಬಂದಿತ್ತಂತೆ.

ಇಂಥ ಹೊತ್ತಿನಲ್ಲಿ ಮಿಕ್ಕಿದ್ದೆಲ್ಲ ಆಮೇಲೆ. ಅವನಿಗೆ ಹೇಳಿಯೇ, ಅವನ ಎದುರೇ ತಂದೆಗೆ ಫೋನ್ ಮಾಡಿದೆ. ತಂದೆಯದು ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಅಂಗಡಿ ಕೀಲಿ ಇನ್ನು ಮೇಲೆ ಅವರ ಸೊಂಟದಲ್ಲೇ ಇರಬೇಕು, ಮನೆಯಲ್ಲಿ ಒಂದು ಡಬ್ಬಿಯೂ ಇರಬಾರದು, ಕೆಲವು ವಾರ ಹುಡುಗ ಒಬ್ಬನೇ ಮಲಗಬಾರದು ಅಂದೆ. ಮರುದಿನವೇ ಮನೋವೈದ್ಯರ ಹತ್ತಿರ ಕಳಿಸಿದೆ. ಕೆಲವು ತಿಂಗಳು ಮಾತ್ರೆ ನಡೆಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಮಗನ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಹಾಕಿಸಿದೆ. ಅಪರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ತೀರಿಹೋದವರ ಜಾಗ ತುಂಬಲು ಹುಟ್ಟಿದ ಮಗುವಿನ ಬಗ್ಗೆ ಆಲ್ಬರ್ಟ್ ಕೇನ್, ಬಾರ್ಬರಾ ಕೇನ್ ಎಂಬಿಬ್ಬರು 1964ರಲ್ಲೇ ಬರೆದಿದ್ದಾರೆ. ಅಂಥ ಮಗು ಎಷ್ಟು ಓಡಿದರೂ ಸತ್ತವನನ್ನು ದಾಟಲಾರದು. ಸತ್ತವನು ತಪ್ಪು ಮಾಡುವುದಿಲ್ಲ, ಫೇಲಾಗುವುದಿಲ್ಲ, ವಯಸ್ಸೂ ಆಗುವುದಿಲ್ಲ. ಹಾಗಂತ ಹಿರಿಯರ ಹೆಸರಿಡುವ ನಮ್ಮ ರೂಢಿಯನ್ನು ನಾನು ಬೈಯುವುದಿಲ್ಲ. 80 ವರ್ಷ ಬಾಳಿ ಹೋದ ಮುತ್ಯಾನ ಹೆಸರು ಮೊಮ್ಮಗನಿಗೆ ಭಾರ ಆಗುವುದಿಲ್ಲ. ಮುತ್ಯಾನ ಸಿಟ್ಟು, ಸಾಲ, ಗೊರಕೆ ಎಲ್ಲವೂ ಮನೆಯವರಿಗೆ ನೆನಪಿರುತ್ತವೆ. 25ಕ್ಕೆ ಹೋದವನದು ಹಾಗಲ್ಲ.

ತಂದೆ ಬರಲು ಒಪ್ಪಿದ್ದು ತಡವಾಗಿ. 47ರ ಗಟ್ಟಿ ಆಳು. 1999ರಲ್ಲಿ ಅವರಿಗೆ 22. ಅಣ್ಣನ ದೇಹ ಬಂದ ದಿನದ ಬಗ್ಗೆ ಕೇಳಿದೆ. 1965, 1971ರ ಯುದ್ಧಗಳಲ್ಲಿ ಸಾಮಾನ್ಯವಾಗಿ ಅಂತ್ಯಕ್ರಿಯೆ ಗಡಿಯ ಕಡೆಯೇ ಮುಗಿಯುತ್ತಿತ್ತು, ಮನೆಗೆ ಬರುತ್ತಿದ್ದದ್ದು ತಂತಿ. ಕಾರ್ಗಿಲ್‌ನಲ್ಲಿ ಪೆಟ್ಟಿಗೆಗಳು ಊರಿಗೇ ಬಂದವು, ಟಿವಿಯವರೂ ಬಂದರು. 527 ಮಂದಿ ತೀರಿಕೊಂಡ ಯುದ್ಧ ಅದು. ಎಲ್ಲೆಲ್ಲೂ ಇಡೀ ಊರೇ ಸೇರಿತು. ಮನೆಯವರಿಗೆ ಮಾತ್ರ ಕೂತು ಅಳಲು ಜಾಗ ಇರಲಿಲ್ಲ.

"ನೀವೇನು ಮಾಡ್ತಿದ್ರಿ ಅವತ್ತು?"

"ಕುರ್ಚಿ ಕಡಿಮಿ ಬಿದ್ವು ಮೇಡಂ. ಕಲ್ಯಾಣಮಂಟಪಕ್ಕ ಹೋಗಿ ಇನ್ನ ನೂರು ಕುರ್ಚಿ ತಂದೆ. ಟ್ರ್ಯಾಕ್ಟರ್‌ನಾಗ."

ಅವರು ವಾಪಸ್ ಬರುವಷ್ಟರಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸಿದ್ದು ಮುಗಿದಿತ್ತು. ಅಣ್ಣನನ್ನು ಮಣ್ಣು ಮಾಡುವಾಗ ಈ ತಮ್ಮ ಟ್ರ್ಯಾಕ್ಟರ್‌ನಿಂದ ಕುರ್ಚಿ ಇಳಿಸುತ್ತಿದ್ದರು. ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಸೈನ್ಯಕ್ಕೆ ತಾನೂ ಹೋಗುತ್ತೇನೆ ಅಂದಾಗ ತಾಯಿ, "ಒಬ್ಬಾತನ್ನ ಕೊಟ್ಟೀನಿ, ಸಾಕು" ಎಂದು ಹೊಸಿಲಿಗೆ ಅಡ್ಡ ಕೂತರಂತೆ. ಮನೆಯಲ್ಲಿ ಒಂದಿಷ್ಟು ನಗು ಬರಲಿ ಅಂತ ಮರು ವರ್ಷವೇ ಮದುವೆ ಮಾಡಿದರು. ಮಗ ಹುಟ್ಟಿದ. ಹೆಸರು ಮೊದಲೇ ಕಾಯುತ್ತಿತ್ತು.

ಮುಂದಿನ ಸಲ ಬರುವಾಗ ಅವರು ಅಂಗಿಯ ಜೇಬಿನಲ್ಲಿ ಏನೋ ತಂದಿದ್ದರು. ಬೀಜದ ಕಂಪನಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಕಾಗದ. ಮಡಿಕೆ ಸವೆದು ಹರಿದಿದ್ದಕ್ಕೆ ಹಚ್ಚಿದ ಟೇಪು ಹಳದಿಯಾಗಿತ್ತು. ಕಳಿಸಿದವರ ವಿಳಾಸದ ಕೊನೆಯಲ್ಲಿ 56 ಎಪಿಒ, ಸೈನ್ಯದ ಅಂಚೆ ಕಚೇರಿಯ ಗುರುತು. ಯುದ್ಧಭೂಮಿಯ ಅಂಚೆ ತಡವಾಗಿ ತಲುಪುತ್ತಿತ್ತು. ಈ ಕಾಗದ ಬಂದದ್ದು ಮಣ್ಣು ಮಾಡಿ ಒಂಬತ್ತು ದಿನಕ್ಕೆ. ಪೋಸ್ಟ್‌ಮ್ಯಾನ್ ದಾರಿಯಲ್ಲಿ ಸಿಕ್ಕು ತಮ್ಮನ ಕೈಗೆ ಕೊಟ್ಟಿದ್ದ. ಅವರು ಕಾಲುವೆ ದಂಡೆ ಮೇಲೆ ಕೂತು ಓದಿ ಬಚ್ಚಿಟ್ಟರು. 25 ವರ್ಷ.

ಅದರಲ್ಲಿ ಇದ್ದದ್ದು ಇಷ್ಟು. ಚಳಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. ಸಿಗರೇಟು ಜಾಸ್ತಿಯಾಗಿದೆ. ಬೈಕಿನ ಹಿಂದಿನ ಟೈರು ಬದಲಿಸು. ಆಮೇಲೆ, "ಶೆಲ್ ಬೀಳೋ ಸದ್ದಿಗೆ ಹೊಟ್ಟ್ಯಾಗ ಕಲಸಿದಂಗ ಆಗ್ತೈತಿ. ಹುಡುಗರ ಮುಂದ ತೋರಿಸಾಂಗಿಲ್ಲ. ಅವ್ವಗ ಹೇಳಬ್ಯಾಡ."

"ವೇದಿಕಿ ಮ್ಯಾಲೆ ಎಲ್ಲಾರೂ, ಹೆದರಿಕಿ ಅಂದ್ರೇನು ಗೊತ್ತಿಲ್ಲದ ವೀರ ಅಂತಿದ್ರು. ಇದನ್ನ ಹೆಂಗ ತೋರಿಸಲಿ ಮೇಡಂ?" ಎಂದರು ತಂದೆ.

ದುಃಖ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೇ ತೀವ್ರತೆಯಲ್ಲಿ ಉಳಿದು ಬದುಕನ್ನೇ ತಡೆದು ನಿಲ್ಲಿಸಿದರೆ ಅದನ್ನು ಕಾಯಿಲೆ ಎಂದೇ ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಹೇಳುತ್ತದೆ. ಅವಧಿ ಕನಿಷ್ಠ 6 ತಿಂಗಳು. ತಂದೆಗೆ ನಾನು ಆ ಚೀಟಿ ಅಂಟಿಸಲಿಲ್ಲ. ಅವರ ದುಃಖ ಇನ್ನೂ ಶುರುವೇ ಆಗಿರಲಿಲ್ಲ.

ಎಲ್ಲರೂ ಹೇಳಿದ್ದು ಒಂದೇ ಮಾತು, ಅಜ್ಜಿಗೆ ಮೊಮ್ಮಗನನ್ನು ಯೂನಿಫಾರಂನಲ್ಲಿ ನೋಡುವ ಆಸೆ ಅಂತ. ಹಾಗಾದರೆ ಅಜ್ಜಿಯನ್ನೇ ಕೇಳೋಣ ಅನ್ನಿಸಿತು. ಬಂದರು. 70 ದಾಟಿದೆ, ಕಣ್ಣು ಚುರುಕು. ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದೆ.

"ನಾ ಯಾವಾಗ ಅಂದೀನಿ ಹಂಗಂತ?" ಎಂದರು. ಬಾಗಿಲು ಹಾಕಿದೆಯಾ ಅಂತ ಒಂದು ಸಲ ನೋಡಿಕೊಂಡು ಕುರ್ಚಿ ಮುಂದಕ್ಕೆ ಎಳೆದರು. "ಮೇಡಂ, ಯಾರಿಗೂ ಹೇಳಬ್ಯಾಡ್ರಿ. ಅವ ಆ ಪರೀಕ್ಷಿಗೆ ಹೊಂಟಾಗೆಲ್ಲ ನಾ ಹುಲಿಗೆಮ್ಮಗ ಹರಕಿ ಹೊತ್ತೀನಿ. ತಾಯಿ, ಇವ ಫೇಲಾಗಿ ಮನಿಗಿ ಬರ್ಲಿ ಅಂತ. ಮೂರು ಸಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ.

"ಈಗ ನೋಡ್ರಿ, ಹುಡುಗ ಹಿಂಗಾದ. ನಾನ ಮಾಡಿದ್ನೆಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಇನ್ನೊಂದು ಮಾತು. ಹಿಂದೊಮ್ಮೆ ಮನೆಯವರು ಅವರನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಕರೆದುಕೊಂಡು ಹೋಗಿದ್ದರು. 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸ್ಮಾರಕ. ಅಲ್ಲಿ ತ್ಯಾಗ ಚಕ್ರ ಎಂಬ ದುಂಡನೆಯ ಗೋಡೆಗಳ ತುಂಬ ಗ್ರಾನೈಟ್ ಕಲ್ಲು, ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬ ಯೋಧನ ಹೆಸರು. ಅಂಥವು 25 ಸಾವಿರಕ್ಕೂ ಹೆಚ್ಚು. ಅಜ್ಜಿ ಮಗನ ಹೆಸರಿನ ಮೇಲೆ ಬೆರಳಾಡಿಸಿ ಬಂದಿದ್ದರು. "ಹೆಸರು ಉಳೀಲಿ ಅಂತ ಇವಂಗ ಇಟ್ರು. ಹೆಸರು ಅಲ್ಲಿ ಕಲ್ಲಿನ ಮ್ಯಾಲ ಐತೆಲ್ಲ ಮೇಡಂ, ಮತ್ತ ಇವನ ಮ್ಯಾಲ ಯಾಕ?"

ಹರಕೆಗೂ ಚೆಸ್ಟ್ ನಂಬರಿಗೂ ಸಂಬಂಧ ಇಲ್ಲ ಅಂತ ನಾನು ಹೇಳಬಹುದಿತ್ತು. ದೇವರ ವಿಷಯದಲ್ಲಿ ಅಜ್ಜಿಯಂದಿರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. "ಇದನ್ನ ಅವನಿಗೆ ನೀವೇ ಹೇಳಬೇಕು, ನಾನು ಹೇಳೋದಿಲ್ಲ. ಯಾವಾಗ, ಎಲ್ಲಿ ಅನ್ನೋದು ನಿಮಗೆ ಬಿಟ್ಟಿದ್ದು" ಅಂದೆ.

ಮನೆಯವರಿಗೆ ಕೊಟ್ಟ ಸಲಹೆ ಹೀಗಿತ್ತು. ನಡುಮನೆಯಲ್ಲಿ ಟಿವಿಯ ಮೇಲಿರುವ ಯೂನಿಫಾರಂ ಫೋಟೊ, ಗಂಧದ ಹಾರ, ಕೆಂಪು ಬಲ್ಬು, ಯಾವುದನ್ನೂ ತೆಗೆಯಬೇಡಿ. ಆದರೆ ಪಕ್ಕದಲ್ಲಿ ಇನ್ನೊಂದು ಫೋಟೊ ಇರಲಿ, ಯೂನಿಫಾರಂ ಇಲ್ಲದ್ದು. ಹುಡುಕಿದಾಗ ಸಿಕ್ಕಿದ್ದು ಜಾತ್ರೆಯಲ್ಲಿ ತಿರುಗುತೊಟ್ಟಿಲ ಮುಂದೆ ಬಾಯಿ ತುಂಬ ಮಿರ್ಚಿ ತುಂಬಿಕೊಂಡ ಹದಿನಾಲ್ಕರ ಹುಡುಗನ ಫೋಟೊ. ಜುಲೈ 26 ಊರಿನ ದಿನ, ಅದು ಊರಿಗೇ ಇರಲಿ. ಮನೆಯವರು ಕ್ಯಾಪ್ಟನ್ ಅವರ ಹುಟ್ಟಿದ ದಿನ ನೆನೆಯಲಿ. ಅವತ್ತು ಹೊಗಳಿಕೆ ಬೇಡ, ಒಬ್ಬೊಬ್ಬರು ಅವರ ಒಂದೊಂದು ಕಿತಾಪತಿ ಹೇಳಬೇಕು. "ಥೇಟ್ ಅವನ ಹಂಗ ಅದಾನ" ಎಂದು ಯಾರಾದರೂ ಅಂದರೆ ತಂದೆಯೇ ಮುಂದಾಗಿ, "ಇಲ್ಲ, ಇವ ಇವನಂಗ ಅದಾನ" ಅನ್ನಬೇಕು. ತಾಯಿಗೆ ಹೇಳಿದೆ, ಹೆಸರು ಹಿಡಿಯಲು ಬಾಯಿ ಬರದಿದ್ದರೆ ಪರವಾಗಿಲ್ಲ, ಅವನದೇ ಅನ್ನುವ ಒಂದು ಕರೆಯುವ ಹೆಸರು ಇಡಿ, "ಏ ಇವನ" ಅನ್ನುವುದನ್ನು ಇನ್ನು ಬಿಡಿ. ಹುಡುಗನಿಗೆ ಹೇಳಿದ್ದು ಕಡಿಮೆ. ಸೈನ್ಯ ನಿನಗೇ ಬೇಕಿತ್ತಾ ಅಂತ ಯೋಚಿಸು, ಉತ್ತರ ನನಗೆ ಹೇಳಬೇಕಾಗಿಲ್ಲ.

ಕಾಗದವನ್ನು ಮನೆಯವರಿಗೆ ತೋರಿಸಿ ಎಂದು ಹೇಳುವುದರಲ್ಲಿ ನಾನು ಅವಸರ ಮಾಡಿದೆನೇನೋ. ತಂದೆ ಅದನ್ನು ಮಗನಿಗೆ ಓದಲು ಕೊಟ್ಟದ್ದು ಸರಿಹೋಯಿತು. ಅವನು ಎರಡು ಸಲ ಓದಿ, "ದೊಡ್ಡಪ್ಪಗೂ ಹೆದರಿಕಿ ಆಗಿತ್ತಾ?" ಅಂತ ಕೇಳಿದನಂತೆ. ಸಂದರ್ಶನದಲ್ಲಿ ಇವನಿಗೆ ಕೈ ನಡುಗುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಅದೇ ವಾರ ಅಜ್ಜಿಗೂ ಓದಿ ಹೇಳಿದರು. ಅಜ್ಜಿಗೆ ಬಿಪಿ ಏರಿ ಎರಡು ದಿನ ಗ್ಲೂಕೋಸ್ ಹಾಕಿಸಬೇಕಾಯಿತು. "25 ವರ್ಷ ನನ್ನಿಂದ ಮುಚ್ಚಿಟ್ಟೆಲ್ಲೋ" ಎಂದು ಮಗನ ಮೇಲೆ ಕೂಗಾಡಿದರು. ತಂದೆ ನನಗೆ ಫೋನ್ ಮಾಡಿ, ನಿಮ್ಮ ಮಾತು ಕೇಳಿ ಕೆಟ್ಟೆ ಅಂದರು. ಆ ತಿಂಗಳು ಅವರು ಬರಲಿಲ್ಲ. ಆಮೇಲೆ ಬಂದರು, ಕುರ್ಚಿಯ ಕಥೆಯನ್ನು ತಾಯಿಗೆ ಹೇಳಿ ಬಂದಿದ್ದರು. ಅಜ್ಜಿ ಅದನ್ನು ಕೇಳಿ, "ನೂರು ಕುರ್ಚಿ ನೀನ ಹೊತ್ತೇನೋ?" ಎಂದು ಅವರ ಭುಜ ಸವರಿದರಂತೆ.

ಅಜ್ಜಿ ಮೊಮ್ಮಗನನ್ನು ಒಂದು ಮಂಗಳವಾರ ಹುಲಿಗೆಮ್ಮನ ಊರು ಹುಲಿಗಿಗೆ ಕರೆದುಕೊಂಡು ಹೋದರು. ಗುಡಿ ಮುಂದೆ ಜನವೋ ಜನ. ಹರಕೆ ತೀರಿಸಿ, ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಹೇಳಿಬಿಟ್ಟರು. ಹುಡುಗ ಮೊದಲು ನಕ್ಕನಂತೆ, ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು. ಆಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ, ಎರಡು ದಿನ ಅಜ್ಜಿಯ ಜೊತೆ ಮಾತಾಡಲಿಲ್ಲ. ನನಗೆ ಅದು ಒಳ್ಳೆಯ ಸುದ್ದಿಯೇ. ಅಷ್ಟು ವರ್ಷದಲ್ಲಿ ಅವನು ಮನೆಯವರ ಮೇಲೆ ಸಿಟ್ಟಾಗಿದ್ದು ಅದೇ ಮೊದಲು.

2025ರ ಜುಲೈನಲ್ಲಿ ಶಾಲೆಯವರು ಮತ್ತೆ ಕರೆದರು. ತಂದೆ ಒಬ್ಬರೇ ಹೋಗಿ ಮಾತಾಡಿದರು. ಅಣ್ಣನಿಗೆ ಉಪ್ಪಿಟ್ಟು ಕಂಡರೆ ಆಗುತ್ತಿರಲಿಲ್ಲ, ನನ್ನ ಸೈಕಲ್ ಮಾರಿ ಸುಳ್ಳು ಹೇಳಿದ್ದ ಅಂದಾಗ ಮಕ್ಕಳೆಲ್ಲ ನಕ್ಕರಂತೆ. ಹುಡುಗ ಊರಲ್ಲಿರಲಿಲ್ಲ. ಯಾವುದೋ ಬ್ಯಾಂಕ್ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿದ್ದ.

ಹಿಂದಿನ ರಾತ್ರಿ ಅಜ್ಜಿಯ ಫೋನ್ ಬಂದಿತ್ತು.

"ಮೇಡಂ, ಈ ಪರೀಕ್ಷಿಗಿ ಹರಕಿ ಹೊರಬೇಕೋ ಬ್ಯಾಡೋ?"

"ಈ ಸಲ ಅವನ್ನ ಕೇಳಿ ಹೊರ್ರಿ ಅಜ್ಜಿ" ಅಂದೆ.